‘ಅದಕ್ಕೆ ಎಲ್ಲಾ ಗೊತ್ತು’ ಎನ್ನುವವರಿಗೆ

“ಅದಕ್ಕ ಎಲ್ಲಾ ಗೊತ್ತದರಿ ಅಣ್ಣಾರ. ಬೇಕಂತನೇ ಮಾಡ್ತದ.”

ಮುಂಬಯಿಯ ಧಾರಾವಿಯಲ್ಲಿ ನೈಂಟಿ ಫೀಟ್ ರೋಡಿನಿಂದ ಒಳಹೊಕ್ಕರೆ, ಇಬ್ಬರು ಎದುರಾದಾಗ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದ ಗಲ್ಲಿಗಳು. ಅಲ್ಲಿ ನಾಯಿ ಸಾಕಿದ ಮನೆಯವರೊಡನೆ ಮಾತಿಗಿಳಿದರೆ ಈ ವಾಕ್ಯ ಬಂದೇ ಬರುತ್ತದೆ. ಕಲಬುರಗಿ, ಯಾದಗಿರಿ ಕಡೆಯವರು ಹೀಗೆ ಹೇಳುತ್ತಾರೆ. ಪಕ್ಕದ ತಿರುನೆಲ್ವೇಲಿಯವರು ತಮಿಳಿನಲ್ಲಿ, ಆಚೆ ಮನೆಯ ಸೋಲಾಪುರದವರು ಮರಾಠಿಯಲ್ಲಿ. ಮಾಟುಂಗಾದ ಫ್ಲ್ಯಾಟುಗಳಲ್ಲಿರುವ ನನ್ನ ಸ್ನೇಹಿತರು ಇದನ್ನೇ ಇಂಗ್ಲಿಷ್ ಬೆರೆಸಿ ಹೇಳುತ್ತಾರೆ, ವ್ಯತ್ಯಾಸ ಅಷ್ಟೇ. ಮರಿ ಚಾಪೆಯ ಮೇಲೆ ಉಚ್ಚೆ ಹೊಯ್ದಿದೆ. ತಪ್ಪೆಂದು ಗೊತ್ತಿದ್ದೂ ಹೊಯ್ದಿದೆ. ಮನೆಗೆ ಕೂಸು ಬಂತೆಂಬ ಹೊಟ್ಟೆಕಿಚ್ಚಿಗೆ ಹೊಯ್ದಿದೆ, ಬಿಟ್ಟು ಊರಿಗೆ ಹೋದ ಸೇಡಿಗೆ ಹೊಯ್ದಿದೆ. ಬೇರೆ ಯಾವುದರಲ್ಲೂ ಒಂದಾಗದ ಭಾಷೆ, ಜಾತಿ, ಅಂತಸ್ತುಗಳೆಲ್ಲ ಈ ಒಂದು ಆರೋಪದಲ್ಲಿ ಒಂದಾಗಿವೆ. ಆರೋಪ ಪೂರ್ತಿ ಸುಳ್ಳು ಎನ್ನುವುದೇ ನನ್ನ ವಾದ. ನಾಯಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಸಬೇಕಾದವರು ಮಾಡಿಸಲಿಲ್ಲ.

ಬರೀ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಮಾತಿನ ಹಿಂದೆಯೇ ಶಿಕ್ಷೆ ಬರುತ್ತದೆ. ಕತ್ತಿನ ತೊಗಲು ಹಿಡಿದು ಮರಿಯನ್ನು ಎಳೆದು ತಂದು, ಮೂತಿಯನ್ನು ಒದ್ದೆಗೆ ತಿಕ್ಕಿ, ಚಪ್ಪಲಿಯಲ್ಲಿ ಎರಡು ಬಿಟ್ಟು, ಹೊಸ್ತಿಲಾಚೆ ನೂಕುವುದು. ಇದನ್ನು ಕ್ರೌರ್ಯ ಎಂದು ಯಾರೂ ತಿಳಿದಿಲ್ಲ. ಮಾಡುವವರೇನೂ ಕ್ರೂರಿಗಳಲ್ಲ, ಅದೇ ಕೈಯಿಂದ ರಾತ್ರಿ ರೊಟ್ಟಿ ಮುರಿದು ಹಾಕುತ್ತಾರೆ. ಇದು ಅವರ ಮಟ್ಟಿಗೆ ಶಿಕ್ಷಣ. ದಂಡಂ ದಶಗುಣಂ ಎಂದು ಶಾಲೆಯಲ್ಲಿ ಬೆತ್ತ ತಿಂದು ಕಲಿತ ಪೀಳಿಗೆ ಮನೆಯ ನಾಯಿಗೂ ಅದೇ ಪಠ್ಯಕ್ರಮ ಇಟ್ಟಿದೆ. ಕಲಿಯದಿದ್ದರೆ ಗಾದೆ ಸಿದ್ಧವಾಗಿದೆ: ನಾಯಿ ಬಾಲ ಡೊಂಕು. ಕಲಿಸುವವನ ಸೋಲನ್ನೆಲ್ಲ ಆ ಬಾಲಕ್ಕೆ ಕಟ್ಟಿಬಿಟ್ಟರೆ ಆಯಿತು.

ಮರಿಗೆ ನಿಜವಾಗಿ ಏನು ಗೊತ್ತಿರುತ್ತದೆ ಎಂದು ನೋಡೋಣ. ಹುಟ್ಟಿದ ಮೊದಲ ಎರಡು ಮೂರು ವಾರ ಅದಕ್ಕೆ ತಾನಾಗಿ ಉಚ್ಚೆ ಹೊಯ್ಯಲೂ ಬರುವುದಿಲ್ಲ. ತಾಯಿ ಹೊಟ್ಟೆಯ ಕೆಳಗೆ ನೆಕ್ಕಿದರೆ ಮಾತ್ರ ಆಗುತ್ತದೆ, ಆದದ್ದನ್ನು ಅವಳೇ ನೆಕ್ಕಿ ಸ್ವಚ್ಛ ಮಾಡುತ್ತಾಳೆ. ಕಾಲು ಬಂದ ಮೇಲೆ ಮರಿ ಮಲಗುವ ಜಾಗದಿಂದ ತೆವಳಿಕೊಂಡು ಆಚೆ ಹೋಗಿ ಮಾಡಿ ಬರುತ್ತದೆ. ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಮಲಗುವ ಜಾಗ ಕೆಡಿಸಬಾರದು ಎಂಬ ಒಂದೇ ಒಂದು ನಿಯಮವನ್ನು ನಾಯಿ ಹೊತ್ತು ತರುತ್ತದೆ. ಎರಡು ತಿಂಗಳ ಹೊತ್ತಿಗೆ, ಪಾದದ ಕೆಳಗೆ ಯಾವ ನೆಲ ಸಿಕ್ಕರೆ ಮಾಡಬೇಕು ಎನ್ನುವ ರೂಢಿ ಬೀಳತೊಡಗುತ್ತದೆ. ಮಣ್ಣಿನಲ್ಲಿ ಮಾಡಿದ್ದು ಮಣ್ಣು ಹುಡುಕುತ್ತದೆ, ಗೋಣಿತಾಟಿನ ಮೇಲೆ ಮಾಡಿದ್ದು ಗೋಣಿತಾಟನ್ನು. ಒಳಗು, ಹೊರಗು, ನಮ್ಮ ಮನೆ, ಪಕ್ಕದ ಮನೆ, ದೇವರ ಮೂಲೆ, ಇವು ಯಾವುವೂ ಅದರ ತಲೆಯಲ್ಲಿಲ್ಲ.

ಈಗ ಧಾರಾವಿಯ ಖೋಲಿಯೊಳಗೆ ಬನ್ನಿ. ಹತ್ತಡಿ ಹನ್ನೆರಡಡಿ. ಒಂದು ಮೂಲೆಯಲ್ಲಿ ಗ್ಯಾಸು, ಇನ್ನೊಂದು ಮೂಲೆಯಲ್ಲಿ ಮೋರಿ, ಎಂದರೆ ಮೊಳಕಾಲೆತ್ತರದ ಕಟ್ಟೆಯ ಬಚ್ಚಲು. ಮೇಲೆ ಪೋಟಮಾಳ, ಎಂದರೆ ಅಟ್ಟ, ಅದಕ್ಕೆ ಕಬ್ಬಿಣದ ಏಣಿ. ನೆಲಕ್ಕೆ ಲಾದಿ, ಎಂದರೆ ಟೈಲ್ಸು. ಹೊಸ್ತಿಲು ದಾಟಿದರೆ ಗಲ್ಲಿ, ಅದರ ನೆಲಕ್ಕೂ ಲಾದಿ. ಅಲ್ಲಲ್ಲಿ ಗಟಾರದ ಮೇಲೆ ಕಾಂಕ್ರೀಟಿನ ಹಾಸು. ಆ ಗಲ್ಲಿಯಲ್ಲೇ ಪಾತ್ರೆ ತೊಳೆಯುತ್ತಾರೆ, ಬಟ್ಟೆ ಒಗೆಯುತ್ತಾರೆ, ಮಕ್ಕಳಿಗೆ ಎಣ್ಣೆ ಹಚ್ಚುತ್ತಾರೆ, ಸೆಕೆಯ ರಾತ್ರಿ ಗಂಡಸರು ಚಾಪೆ ಹಾಸಿ ಮಲಗುತ್ತಾರೆ. ಒಳಗಿನ ಲಾದಿ ಒದ್ದೆ, ಹೊರಗಿನ ಲಾದಿಯೂ ಒದ್ದೆ. ಮನೆ ಎಲ್ಲಿ ಮುಗಿಯಿತು, ಬೀದಿ ಎಲ್ಲಿ ಶುರುವಾಯಿತು ಎಂದು ಮರಿಯ ಪಾದಕ್ಕೆ ಹೇಳುವ ಗುರುತು ಅಲ್ಲಿ ಒಂದೂ ಇಲ್ಲ. ಆರಿಂಚಿನ ಹೊಸ್ತಿಲಿನ ಈಚೆ ಮಾಡಿದರೆ ಚಪ್ಪಲಿ, ಆಚೆ ಮಾಡಿದರೆ ‘ಶಾಣ್ಯಾ’. ಆ ಗೆರೆಯನ್ನು ಯಾರೂ ತೋರಿಸದೆ ಅದಕ್ಕೆ ಕಾಣಬೇಕಂತೆ.

“ಗೊತ್ತಿಲ್ಲದಿದ್ದರ ತಲಿ ತಗ್ಗಸಿ ಮೂಲ್ಯಾಗ ಯಾಕ ಕುಂಡರತದ?” ಇದು ಮುಂದಿನ ಪ್ರಶ್ನೆ, ಮತ್ತು ಬಹಳ ಜನರನ್ನು ಒಪ್ಪಿಸುವ ಪ್ರಶ್ನೆ. ಕಿವಿ ಹಿಂದಕ್ಕೆ, ಬಾಲ ಕಾಲಸಂದಿಗೆ, ಕಣ್ಣು ಬೇರೆ ಕಡೆಗೆ. ತಪ್ಪಿತಸ್ಥನ ಮುಖವೇ ಸರಿ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ ಈ ಮುಖವನ್ನೇ ಪರೀಕ್ಷೆಗೆ ಒಡ್ಡಿದರು. 14 ಮನೆಗಳ ನಾಯಿಗಳು. ಮಾಲೀಕ ತಿಂಡಿ ತೋರಿಸಿ ‘ತಿನ್ನಬೇಡ’ ಎಂದು ಹೇಳಿ ಹೊರಗೆ ಹೋಗಬೇಕು. ಕೆಲವು ಸಲ ನಾಯಿ ತಿನ್ನುತ್ತಿತ್ತು, ಕೆಲವು ಸಲ ತಿಂಡಿಯನ್ನು ಸಂಶೋಧಕಿಯೇ ತೆಗೆದುಬಿಡುತ್ತಿದ್ದರು. ಮರಳಿ ಬಂದ ಮಾಲೀಕನಿಗೆ ಒಮ್ಮೆ ನಿಜ ಹೇಳುವುದು, ಒಮ್ಮೆ ಸುಳ್ಳು. ತಿಂದ ನಾಯಿಗೂ ತಿನ್ನದ ನಾಯಿಗೂ ಆ ಮುಖದಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಬೈದಾಗ ಮಾತ್ರ ಮುಖ ಸಪ್ಪಗಾಗುತ್ತಿತ್ತು. ಏನೂ ತಪ್ಪು ಮಾಡದೆ ಬೈಸಿಕೊಂಡ ನಾಯಿಗಳಲ್ಲೇ ಅದು ಹೆಚ್ಚು ಕಂಡಿತು. ನಾವು ಪಶ್ಚಾತ್ತಾಪವೆಂದು ಓದುತ್ತಿರುವುದು ನಮ್ಮ ಸಿಟ್ಟಿಗೆ ನಾಯಿ ಕೊಡುವ ಉತ್ತರ: ಹೊಡೆಯಬೇಡ, ನಾನು ಚಿಕ್ಕವನು. ಕೆಲವು ಮರಿಗಳು ಆ ಉತ್ತರವನ್ನು ಇನ್ನೂ ಸ್ಪಷ್ಟವಾಗಿ ಕೊಡುತ್ತವೆ, ಬಗ್ಗಿ ಮಲಗಿ ಅಲ್ಲೇ ನಾಲ್ಕು ಹನಿ ಉಚ್ಚೆ ಬಿಡುತ್ತವೆ. ಅದು ಶರಣಾಗತಿ. ಅದಕ್ಕೂ ಇನ್ನೊಂದು ಏಟು ಬೀಳುತ್ತದೆ, ‘ನೋಡ್ರಿ, ಎದುರಿಗೇ ಮಾಡ್ತದ’ ಎಂದು.

ಏಟಿನಿಂದ ನಾಯಿ ಏನೂ ಕಲಿಯುವುದಿಲ್ಲ ಎಂದು ನಾನು ಹೇಳುವುದಿಲ್ಲ. ಚೆನ್ನಾಗಿಯೇ ಕಲಿಯುತ್ತದೆ. ಮಾಡಿದ ಕೆಲಸ ಮತ್ತು ಅದರ ಫಲ ಒಂದೆರಡು ಸೆಕೆಂಡಿನೊಳಗೆ ಒಟ್ಟಿಗೆ ಬಂದರೆ ಮಾತ್ರ ಎರಡನ್ನೂ ಕೂಡಿಸುವ ಪ್ರಾಣಿ ಅದು. ನೀವು ಸಂಜೆ ಬಂದು, ಮಧ್ಯಾಹ್ನದ ಒದ್ದೆಯನ್ನು ನೋಡಿ ಹೊಡೆದರೆ ಅದು ಕೂಡಿಸುವ ಲೆಕ್ಕ ಬೇರೆ: ನೆಲದ ಮೇಲೆ ಒದ್ದೆ ಇದ್ದು ಮನುಷ್ಯನೂ ಇದ್ದರೆ ಅಪಾಯ. ಈ ಲೆಕ್ಕಕ್ಕೆ ನಾಯಿ ಕಂಡುಕೊಳ್ಳುವ ಪರಿಹಾರ ಬುದ್ಧಿವಂತಿಕೆಯದ್ದೇ. ಮನುಷ್ಯನ ಕಣ್ಣಿಗೆ ಬೀಳದ ಹಾಗೆ ಹೊಯ್ಯುವುದು. ಟ್ರಂಕಿನ ಹಿಂದೆ, ಹೊಲಿಗೆ ಮಿಶಿನ್ನಿನ ಕೆಳಗೆ, ಮಡಿಸಿಟ್ಟ ಕೌದಿಯ ಹಿಂಬದಿಗೆ. ಇನ್ನೂ ಮುಂದೆ ಹೋಗಿ, ಹಗ್ಗ ಹಿಡಿದು ಹೊರಗೆ ಕರೆದೊಯ್ದರೆ ನಿಮ್ಮೆದುರು ಅದು ಹೊಯ್ಯುವುದೇ ಇಲ್ಲ. ಅರ್ಧ ತಾಸು ನಿಂತು ಬೇಸತ್ತು ಮನೆಗೆ ತಂದು ಬಿಟ್ಟ ಕೂಡಲೇ ಮಂಚದ ಕೆಳಗೆ ನುಗ್ಗಿ ಮಾಡುತ್ತದೆ. ಆಗ ಮಾಲೀಕನಿಗೆ ಬೇರೆ ಸಾಕ್ಷಿ ಬೇಕೆ? ಹೊರಗೆ ಮಾಡಲಿಲ್ಲ, ಒಳಗೆ ಬಂದ ತಕ್ಷಣ ಮಾಡಿತು, ಬೇಕಂತಲೇ ಮಾಡಿತು. ಈ ಶಿಕ್ಷೆಯಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ಅಂಶ ಇದು. ತಾನೇ ಅಪರಾಧವನ್ನು ಹುಟ್ಟಿಸುತ್ತದೆ, ಅದನ್ನೇ ತೋರಿಸಿ ತಾನು ಸರಿಯೆನ್ನುತ್ತದೆ.

ಇಲ್ಲಿ ಊರಿನ ಹಿರಿಯರು ಬಾಯಿ ಹಾಕುತ್ತಾರೆ. “ನಮ್ಮ ಮುತ್ಯಾನ ಕಾಲದಾಗ ಮನ್ಯಾಗ ನಾಲ್ಕು ನಾಯಿ ಇದ್ವು. ಯಾವನೂ ಕಲಿಸಿಲ್ಲ, ಒಂದೂ ಮನ್ಯಾಗ ಹೊಲಸು ಮಾಡ್ಲಿಲ್ಲ.” ನಿಜ. ಆ ನಾಯಿಗಳು ಮನೆಯೊಳಗೆ ಇದ್ದವೆಲ್ಲಿ? ಹಗಲು ಕುರಿಯ ಹಿಂದೆ ಹೊಲದಲ್ಲಿ, ರಾತ್ರಿ ಕಟ್ಟೆಯ ಕೆಳಗೆ, ಊಟ ಅಂಗಳದಲ್ಲಿ. ಮೈಲಾರಲಿಂಗನ ನಾಯಿಯೆಂದು ಕೈಮುಗಿದರೂ ಪಡಸಾಲೆ ದಾಟಲು ಬಿಟ್ಟವರಿರಲಿಲ್ಲ. ಊರಿನಲ್ಲಿ ಕಲಿಸುವ ಪ್ರಮೇಯವೇ ಬರಲಿಲ್ಲ. ಧಾರಾವಿಯಲ್ಲಿ ಅದೇ ಮನೆತನ ನಾಯಿಯನ್ನು ಹೊಲ, ಅಂಗಳ, ಕಟ್ಟೆ ಮೂರೂ ಇಲ್ಲದ ಒಂದು ಕೋಣೆಗೆ ತಂದು ಸೇರಿಸಿದೆ, ನಿರೀಕ್ಷೆಯನ್ನು ಮಾತ್ರ ಊರಿನದನ್ನೇ ಉಳಿಸಿಕೊಂಡಿದೆ.

ಕೊಂಡು ತಂದ ಮರಿಗಳ ಕಥೆ ಇನ್ನೊಂದು ಬಗೆಯದು. ಕ್ರಾಫರ್ಡ್ ಮಾರ್ಕೆಟ್ಟಿನ ಪ್ರಾಣಿಗಳ ಅಂಗಡಿಗಳಲ್ಲಿ ತಂತಿಯ ಪಂಜರದೊಳಗೆ ಕುಳಿತ ಪಾಮೆರೇನಿಯನ್ ಮರಿಯನ್ನು ಈ ಊರಿನಲ್ಲಿ ನೋಡದವರು ಕಡಿಮೆ. ಪಂಜರದಲ್ಲಿ ತೆವಳಿಕೊಂಡು ಆಚೆ ಹೋಗಲು ಜಾಗವಿಲ್ಲ. ಮಲಗಿದಲ್ಲೇ ಮಾಡಬೇಕು, ಮಾಡಿದಲ್ಲೇ ಮಲಗಬೇಕು. ಹುಟ್ಟಿನಿಂದ ತಂದಿದ್ದ ಒಂದೇ ಒಂದು ನಿಯಮವನ್ನೂ ಅಲ್ಲಿ ಅಳಿಸಿ ಕೈಗೆ ಕೊಡುತ್ತಾರೆ. ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು 2017ರ ಕೇಂದ್ರ ನಿಯಮಗಳು ಹೇಳುತ್ತವೆ. ಕೊಳ್ಳುವವರು ವಯಸ್ಸು ಕೇಳುವುದಿಲ್ಲ, ಕೂದಲು ನೋಡುತ್ತಾರೆ. ಇಂಥ ಮರಿಗಳಿಗೆ ಕಲಿಸಲು ಗಲ್ಲಿಯಿಂದ ಎತ್ತಿ ತಂದ ದೇಸಿ ಮರಿಗಿಂತ ಹೆಚ್ಚು ದಿನ ಹಿಡಿಯುತ್ತದೆ. ಹಣ ಕೊಟ್ಟು ತಂದದ್ದು ಜಾಣ, ಪುಕ್ಕಟೆ ಸಿಕ್ಕಿದ್ದು ದಡ್ಡ ಎಂಬ ನಂಬಿಕೆ ಇರುವಲ್ಲಿ ಇದನ್ನು ಜೋರಾಗಿ ಹೇಳಬೇಕು.

ಹಾಗಾದರೆ ಕಲಿಸುವುದು ಹೇಗೆ? ವಿಚಿತ್ರವೆಂದರೆ ಇದು ನಮ್ಮ ಮನೆಗಳಿಗೆ ಹೊಸ ವಿದ್ಯೆಯೇ ಅಲ್ಲ. ಕೂಸನ್ನು ಎರಡು ಪಾದಗಳ ಮೇಲೆ ಕೂರಿಸಿಕೊಂಡು, ಬಚ್ಚಲ ಕಡೆ ಮುಖ ಮಾಡಿ, ಬಾಯಲ್ಲಿ ‘ಸ್‌ಸ್‌ಸ್’ ಎಂದು ಸದ್ದು ಮಾಡುವ ತಾಯಂದಿರನ್ನು ನಾವೆಲ್ಲ ನೋಡಿದ್ದೇವೆ. ಎದ್ದ ಕೂಡಲೇ ಒಮ್ಮೆ, ಹಾಲು ಕುಡಿದ ಮೇಲೆ ಒಮ್ಮೆ, ಮಲಗಿಸುವ ಮೊದಲು ಒಮ್ಮೆ. ಅದೇ ಜಾಗ, ಅದೇ ಹೊತ್ತು, ಅದೇ ಸದ್ದು. ಆದರೆ ಮುದ್ದು, ಆಗದಿದ್ದರೆ ಸುಮ್ಮನೆ ಎತ್ತಿಕೊಳ್ಳುವುದು. ಕೆಲವು ವಾರದಲ್ಲಿ ಸದ್ದು ಕೇಳಿದರೆ ಸಾಕು, ಕೂಸು ಹೊಯ್ಯುತ್ತದೆ. ನಾಯಿಯ ಜೊಲ್ಲಿನ ಮೇಲೆ ಪ್ರಯೋಗ ಮಾಡಿದ ಪಾವ್ಲೊವ್‌ಗೆ 1904ರಲ್ಲಿ ಜೀರ್ಣಕ್ರಿಯೆಯ ಅಧ್ಯಯನಕ್ಕಾಗಿ ನೊಬೆಲ್ ಬಂತು. ಸದ್ದಿಗೂ ದೇಹಕ್ಕೂ ಗಂಟು ಹಾಕುವ ಆ ತತ್ತ್ವವನ್ನು ನಮ್ಮ ಅಜ್ಜಿಯರು ಹೆಸರಿಲ್ಲದೆ ಬಳಸುತ್ತಿದ್ದರು. ಹಾಸಿಗೆ ಒದ್ದೆ ಮಾಡಿದ ಆರು ತಿಂಗಳ ಕೂಸಿನ ಮೂಗನ್ನು ಒದ್ದೆಗೆ ತಿಕ್ಕುವವರನ್ನು ಜನ ಹುಚ್ಚರೆನ್ನುತ್ತಾರೆ. ಎರಡು ತಿಂಗಳ ನಾಯಿಮರಿಗೆ ಅದನ್ನೇ ಮಾಡಿದರೆ ಟ್ರೇನಿಂಗ್ ಎನ್ನುತ್ತಾರೆ.

ನಾಯಿಗೂ ಅಷ್ಟೇ ಸಾಕು. ನಿದ್ದೆಯಿಂದ ಎದ್ದಾಗ, ಉಂಡ ಹತ್ತಿಪ್ಪತ್ತು ನಿಮಿಷಕ್ಕೆ, ಆಡಿ ದಣಿದಾಗ, ರಾತ್ರಿ ದೀಪ ಆರಿಸುವ ಮೊದಲು ಅದನ್ನು ಎತ್ತಿಕೊಂಡು ಒಂದೇ ಜಾಗಕ್ಕೆ ಒಯ್ಯಬೇಕು. ನಡುವೆ ನೆಲ ಮೂಸುತ್ತ ಗಿರಕಿ ಹೊಡೆದರೆ, ಆಡುತ್ತಿದ್ದದ್ದು ತಟ್ಟನೆ ಬಿಟ್ಟು ಮೂಲೆಗೆ ಹೊರಟರೆ ಆಗಲೂ. ಎರಡು ತಿಂಗಳ ಮರಿ ಎರಡು ತಾಸಿಗಿಂತ ಹೆಚ್ಚು ತಡೆಯಲಾರದು. ವಯಸ್ಸಿನ ತಿಂಗಳು ಎಷ್ಟೋ ಅಷ್ಟು ತಾಸು ಎಂಬ ಅಂದಾಜನ್ನು ಮೀರಿ ಯಾರೂ ಬಯಸಬಾರದು. ಹೊಯ್ಯುತ್ತಿರುವಾಗ ಒಂದು ಮಾತು, ಮುಗಿದ ಕ್ಷಣಕ್ಕೆ ರೊಟ್ಟಿಯ ಚೂರು. ಮನೆಗೆ ಬಂದ ಮೇಲೆ ಕೊಟ್ಟರೆ ಅದು ಮನೆಗೆ ಬಂದದ್ದಕ್ಕೆ ಸಿಕ್ಕ ಬಹುಮಾನ. ತಪ್ಪು ಜಾಗದಲ್ಲಿ ಮಾಡುತ್ತಿರುವಾಗಲೇ ಸಿಕ್ಕಿಬಿದ್ದರೆ ಕೂಗಾಡದೆ ಎತ್ತಿ ಸರಿ ಜಾಗಕ್ಕೆ ಇಡುವುದು. ಮಾಡಿ ಮುಗಿಸಿದ್ದರೆ ಅರಿವೆ ತಂದು ಒರೆಸುವುದು. ಅಲ್ಲಿಗೆ ಅಂದಿನ ಪಾಠ ಮುಗಿಯಿತು.

‘ಇದೆಲ್ಲ ದೊಡ್ಡವರ ಮನೆಗೆ ಸರಿ, ಝೋಪಡಪಟ್ಟಿಯಲ್ಲಿ ಎಲ್ಲಿ ಸಾಧ್ಯ’ ಎಂಬ ಮಾತನ್ನು ನಾನು ಧಾರಾವಿಯ ಒಳಗಿನವರಿಗಿಂತ ಹೊರಗಿನವರ ಬಾಯಲ್ಲೇ ಹೆಚ್ಚು ಕೇಳಿದ್ದೇನೆ. ಆ ಮಾತಿನಲ್ಲಿ ನಾಯಿಯ ಬಗ್ಗೆ ಇರುವುದಕ್ಕಿಂತ ಜನರ ಬಗ್ಗೆ ತಾತ್ಸಾರ ಹೆಚ್ಚು. ಹುಲ್ಲುಹಾಸು, ಹಿತ್ತಿಲು, ನಾಯಿಗೊಂದು ಪೆಟ್ಟಿಗೆ ಎಂದು ವಿದೇಶದ ಪುಸ್ತಕಗಳು ಹೇಳುವುದೇನೋ ಇಲ್ಲಿ ನಡೆಯದು. ಆದರೆ ಕಲಿಸಲು ಬೇಕಾದ ಎರಡು ಮುಖ್ಯ ಸಾಮಗ್ರಿಗಳು ಪವಾಯಿಯ ಮೂರು ಬೆಡ್‌ರೂಮಿನ ಮನೆಗಿಂತ ಇಲ್ಲಿ ಧಾರಾಳವಾಗಿವೆ. ಒಂದು, ಮನೆಯಲ್ಲಿ ಸದಾ ಯಾರಾದರೂ ಇರುತ್ತಾರೆ. ಹಪ್ಪಳ ಲಟ್ಟಿಸುವವರು, ಬ್ಯಾಗಿಗೆ ಜಿಪ್ಪು ಹೊಲಿಯುವವರು, ಬಕಲ್ಲಿಗೆ ಮಣಿ ಕೂರಿಸುವವರು ನೆಲದ ಮೇಲೆ, ನಾಯಿಯ ಕಣ್ಣಿನ ಮಟ್ಟದಲ್ಲೇ ಕುಳಿತಿರುತ್ತಾರೆ. ಗಂಡಹೆಂಡತಿ ಇಬ್ಬರೂ ಬಿ.ಕೆ.ಸಿ.ಯ ಆಫೀಸಿಗೆ ಹೋಗಿ ಒಂಬತ್ತು ತಾಸು ಮರಿಯನ್ನು ಒಂಟಿ ಬಿಡುವ ಮನೆಗೆ ಈ ಭಾಗ್ಯವಿಲ್ಲ. ಎರಡು, ಮೋರಿ. ಇಳಿಜಾರು ಉಂಟು, ಕಿಂಡಿ ಉಂಟು, ಪಕ್ಕದಲ್ಲೇ ಬಾಲ್ದಿ ಉಂಟು. ಅದರ ಮೂಲೆಯಲ್ಲಿ ಒಂದು ತುಂಡು ಗೋಣಿತಾಟು ಹಾಕಿದರೆ ಮರಿಯ ಪಾದಕ್ಕೆ ಬೇರೆಯದೊಂದು ನೆಲ ಸಿಕ್ಕಿತು, ಗುರುತು ಸಿಕ್ಕಿತು. ಮೊದಲ ದಿನಗಳಲ್ಲಿ ಅದೇ ತಾಟಿನ ತುದಿಗೆ ಸ್ವಲ್ಪ ಹಳೆಯ ವಾಸನೆ ಉಳಿಸಿದರೆ ಒಳ್ಳೆಯದು. ಮೂರು ಸುತ್ತಿನ ಚುಚ್ಚುಮದ್ದು ಮುಗಿದ ಮೇಲೆ ತಾಟನ್ನು ದಿನಕ್ಕಿಷ್ಟು ಬಾಗಿಲ ಕಡೆಗೆ, ಆಮೇಲೆ ಹೊರಗೆ, ಗಲ್ಲಿಯ ಬಾಯಿಯ ಗಟಾರದ ಪಕ್ಕಕ್ಕೆ ಸರಿಸುತ್ತ ಹೋಗಬಹುದು. ಚುಚ್ಚುಮದ್ದಿಗೆ ಮೊದಲೇ ಗಟಾರದ ನೀರಿಗೆ ಇಳಿಸಿದರೆ ಪಾರ್ವೊ ರೋಗ ಬಂದು ಮರಿಯೇ ಉಳಿಯದು. ಆದ್ದರಿಂದ ಖೋಲಿಯ ಮನೆಯಲ್ಲಿ ಮೋರಿಯೇ ಮೊದಲ ಶಾಲೆ. ಮೋರಿಯಲ್ಲಿ ದೇವರ ಪಾತ್ರೆಯನ್ನೂ ತೊಳೆಯುತ್ತೇವೆ ಎನ್ನುವವರು ಹಳೆಯ ಘಮೇಲಾದಲ್ಲಿ ಮರಳು ತುಂಬಿ ಬಾಗಿಲ ಹಿಂದೆ ಇಡಲಿ.

ಇಷ್ಟು ಮಾಡುವ ಬದಲು ಜನ ಬೇರೆ ಉಪಾಯಗಳನ್ನು ಹುಡುಕುತ್ತಾರೆ. ಸಂಜೆಯಾದ ಮೇಲೆ ನೀರು ಕೊಡದಿರುವುದು ಅದರಲ್ಲಿ ಕೆಟ್ಟದ್ದು. ತಗಡಿನ ಮಾಡಿನ ಕೆಳಗೆ ಮೇ ತಿಂಗಳ ಮುಂಬಯಿ ಸೆಕೆಯಲ್ಲಿ ನಮ್ಮಂತೆ ಬೆವರಲಾರದ ಪ್ರಾಣಿಗೆ ನೀರು ಬಂದ್ ಮಾಡುವವರು ತಾವು ಒಂದು ರಾತ್ರಿ ಹಾಗೆ ಮಲಗಿ ನೋಡಲಿ. ಮಲಗುವ ತಾಸು ಮೊದಲು ಕುಡಿಸಿ, ಒಮ್ಮೆ ಹೊಯ್ಯಿಸಿ ತಂದರೆ ಸಾಕು.

ಇನ್ನು ಬಾಟಲಿ. ಕರ್ನಾಟಕದ ಯಾವ ಊರಿಗೆ ಹೋದರೂ ಮನೆಯ ಗೇಟಿನಲ್ಲಿ ಕೆಂಪು ನೀರು ತುಂಬಿದ ಪ್ಲ್ಯಾಸ್ಟಿಕ್ ಬಾಟಲಿ ತೂಗುವುದನ್ನು ನೋಡಬಹುದು. ಮುಂಬಯಿಯಲ್ಲಿ ಬಟ್ಟೆಗೆ ಹಾಕುವ ನೀಲಿ ಬೆರೆಸಿದ ನೀರು. ನಾಯಿ ಅದನ್ನು ಕಂಡರೆ ಅಲ್ಲಿ ಉಚ್ಚೆ ಹೊಯ್ಯುವುದಿಲ್ಲವಂತೆ. ಓದಿದವರ ಮನೆಗಳಲ್ಲೂ ಇದೆ, ಡಾಕ್ಟರ ಕ್ಲಿನಿಕ್ಕಿನ ಮುಂದೆಯೂ ಇದೆ. ನಾಯಿಯ ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶಗಳು ಎರಡೇ ಬಗೆ, ನಮಗಿರುವ ಮೂರನೆಯದು ಅದಕ್ಕಿಲ್ಲ. ಕ್ಯಾಲಿಫೋರ್ನಿಯಾದ ಸಂಶೋಧಕರು ಇದನ್ನು 1989ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನೀಲಿ ಕಾಣುತ್ತದೆ, ಹಳದಿ ಕಾಣುತ್ತದೆ, ಕೆಂಪು ಅದಕ್ಕೆ ಮಾಸಲು ಬೂದು. ನಾವು ರಕ್ತವೆಂದು ಹೆದರಿಸಲು ಇಟ್ಟ ಬಾಟಲಿ ಅದರ ಪಾಲಿಗೆ ಕೊಳಕು ನೀರಿನ ಬಾಟಲಿ. ನೀಲಿಯದ್ದು ಕಂಡರೂ ಹೆದರಲು ಅದರಲ್ಲೇನಿದೆ? ಗಂಡುನಾಯಿ ಕಾಲೆತ್ತಲು ಹುಡುಕುವುದು ನೆಟ್ಟಗೆ ನಿಂತ ವಸ್ತುವನ್ನು. ನೆಲದ ಮೇಲೆ ನಿಲ್ಲಿಸಿದ ಬಾಟಲಿಗೇ ಕಾಲೆತ್ತಿ ಹೋದ ನಾಯಿಯನ್ನು ನಾನು ಸಾಯನ್ ಸ್ಟೇಷನ್ ಹತ್ತಿರ ಕಣ್ಣಾರೆ ನೋಡಿದ್ದೇನೆ. ಬಾಟಲಿಯ ಮಾಲೀಕರಿಗೆ ಹೇಳಿದರೆ, ಬಣ್ಣ ತೆಳುವಾಗಿರಬೇಕು ಎಂದರು.

ಫಿನೈಲೂ ಇದೇ ಜಾತಿಯದು. ಅದರ ಘಾಟಿಗೆ ನಮ್ಮ ಮೂಗು ಸೋಲುತ್ತದೆ, ನಾಯಿಯದು ಸೋಲುವುದಿಲ್ಲ. ಕೆಳಗಿನ ಉಚ್ಚೆಯ ವಾಸನೆ ಹಾಗೇ ಇರುತ್ತದೆ, ನಾಳೆ ಅದೇ ಜಾಗಕ್ಕೆ ಕರೆಯುತ್ತದೆ. ಅಮೋನಿಯಾ ಇರುವ ಕ್ಲೀನರ್ ಹಾಕಿದರಂತೂ ಉಚ್ಚೆಯ ವಾಸನೆಗೆ ನಾವೇ ಒಂದಿಷ್ಟು ಸೇರಿಸಿದ ಹಾಗೆ. ಮೊದಲು ಒಣ ಅರಿವೆಯಲ್ಲಿ ಹೀರಿಸಿ, ನೀರು ಹಾಕಿ ತೊಳೆದು, ವಿನಿಗರ್ ಬೆರೆಸಿದ ನೀರಿನಿಂದ ಒರೆಸಬೇಕು. ಬಿಸಿಲಿಗೆ ಹಾಕಿ ಎಂದೂ ಹೇಳುತ್ತಿದ್ದೆ, ಧಾರಾವಿಯ ಒಳಗಲ್ಲಿಗಳಿಗೆ ಬಿಸಿಲು ಇಳಿಯುವುದಿಲ್ಲ.

ನೆರೆಯವರ ಸಿಟ್ಟನ್ನು ಮಾತ್ರ ನಾನು ತಳ್ಳಿಹಾಕಲಾರೆ. ಪಾಲಿಕೆಯ ನೀರು ಬರುವುದು ದಿನಕ್ಕೆ ಕೆಲವೇ ತಾಸು, ಅದನ್ನು ತುಂಬಿಡುವ ನೀಲಿ ಡ್ರಮ್ಮು ನಿಲ್ಲುವುದು ಬಾಗಿಲ ಹೊರಗೆ. ಹಪ್ಪಳದ ಹೆಂಗಸರು ಬುಟ್ಟಿಗಳನ್ನು ಬೋರಲು ಹಾಕಿ ಅದರ ಮೇಲೆ ಹಪ್ಪಳ ಒಣಗಿಸುತ್ತಾರೆ. ಕುಂಭಾರವಾಡಾದಲ್ಲಿ ಸುಡದ ಮಡಕೆಗಳು ಸಾಲುಗಟ್ಟಿ ಕುಳಿತಿರುತ್ತವೆ. ಡ್ರಮ್ಮು, ಬುಟ್ಟಿ, ಮಡಕೆ, ಎಲ್ಲವೂ ಕಾಲೆತ್ತುವ ನಾಯಿಯ ಕಣ್ಣಿಗೆ ಬೀಳುವಂಥವೇ. ಒಂದು ನಾಯಿ ಅಲ್ಲಿ ತೋಯಿಸಿದರೆ ಒಂದು ಮನೆಯ ದಿನದ ಕೂಲಿ ಹೋಯಿತು. ‘ಪ್ರಾಣಿಯಲ್ಲವಾ, ಪಾಪ’ ಎಂದು ಸಾಕಿದವರು ನಕ್ಕು ಮುಂದೆ ಹೋದರೆ ನಾನು ಹಪ್ಪಳದ ಹೆಂಗಸಿನ ಪಕ್ಷ. ಈ ಕಾಲೆತ್ತುವ ಚಾಳಿ ಆರು ತಿಂಗಳಿಂದ ವರ್ಷದೊಳಗೆ ಶುರುವಾಗುತ್ತದೆ. ಅದು ಉಚ್ಚೆ ಹೊಯ್ಯುವುದಕ್ಕಿಂತ ‘ನಾನಿಲ್ಲಿ ಬಂದಿದ್ದೆ’ ಎಂದು ಬರೆದು ಹೋಗುವುದು. ಸಂತಾನಹರಣ ಮಾಡಿಸಿದರೆ ಬಹಳ ನಾಯಿಗಳಲ್ಲಿ ಕಡಿಮೆಯಾಗುತ್ತದೆ. ಬೀದಿನಾಯಿಗಳಿಗೂ ಉಳಿದಿರುವ ದಾರಿ ಅದೇ, ಅವಕ್ಕೆ ಹಗ್ಗ ಹಿಡಿದು ಕಲಿಸುವವರು ಯಾರು?

ಜೂನ್ ಬಂದ ಮೇಲೆ ಇದು ಬರೀ ವಾಸನೆಯ ಜಗಳವಾಗಿ ಉಳಿಯುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು ಮಿಠಿ ನದಿ ಉಕ್ಕಿದಾಗ ಧಾರಾವಿಯಲ್ಲಿ ಗಟಾರ ಯಾವುದು, ಮನೆ ಯಾವುದು ತಿಳಿಯಲಿಲ್ಲ. ನೀರು ಇಳಿದ ಮೇಲೆ ಮುಂಬಯಿಗೆ ಇಲಿಜ್ವರ ಬಂತು, ಲೆಪ್ಟೊ ಎಂದು ಆಗ ಎಲ್ಲರ ಬಾಯಲ್ಲಿ. ಅದರ ರೋಗಾಣು ಮುಖ್ಯವಾಗಿ ಇಲಿಯ ಮೂತ್ರದಲ್ಲಿ, ನಾಯಿಯ ಮೂತ್ರದಲ್ಲೂ ಹೊರಬೀಳುತ್ತದೆ. ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಬದುಕುತ್ತದೆ, ಕಾಲಿನ ಸಣ್ಣ ಗಾಯದೊಳಗಿಂದ ಮೈ ಸೇರುತ್ತದೆ. ನೋಡಲು ಗಟ್ಟಿಮುಟ್ಟಾದ ನಾಯಿಯೂ ತಿಂಗಳುಗಟ್ಟಲೆ ಅದನ್ನು ಹೊರಹಾಕುತ್ತಿರಬಹುದು. ಆದ್ದರಿಂದಲೇ ಮಳೆನೀರಿನಲ್ಲಿ ನಡೆದವರು ಮೂರು ದಿನದೊಳಗೆ ಡಾಕ್ಟರನ್ನು ಕಂಡು ಗುಳಿಗೆ ತೆಗೆದುಕೊಳ್ಳಿ ಎಂದು ಪಾಲಿಕೆ ಮಳೆಗಾಲದಲ್ಲಿ ಸಾರುತ್ತದೆ. ನಾಯಿಗೆ ಲೆಪ್ಟೊ ಲಸಿಕೆ ಉಂಟು, ವರ್ಷಕ್ಕೊಮ್ಮೆ ಹಾಕಿಸಬೇಕು. ಮಂಚದ ಕೆಳಗೆ ಕದ್ದು ಹೊಯ್ಯಲು ಕಲಿತ ನಾಯಿ ಇಂಥ ಮನೆಯಲ್ಲಿ ಎಷ್ಟು ಅಪಾಯ, ಯೋಚಿಸಿ. ಅದು ಕದಿಯಲು ಕಲಿತದ್ದು ಚಪ್ಪಲಿಯಿಂದ.

ಎಲ್ಲಕ್ಕಿಂತ ಹರಿತವಾದ ಆಕ್ಷೇಪ ಕೊನೆಗೆ ಬರುತ್ತದೆ. ಮನುಷ್ಯರಿಗೇ ಸಂಡಾಸ ಇಲ್ಲದ ಜಾಗದಲ್ಲಿ ನಾಯಿಯ ಉಚ್ಚೆಯ ಚಿಂತೆಯೇ? ಬೆಳಗ್ಗೆ ಡಬ್ಬಿ ಹಿಡಿದು ಸಾರ್ವಜನಿಕ ಸಂಡಾಸದ ಮುಂದೆ ನಿಂತವರನ್ನು, ರಾತ್ರಿ ಅಷ್ಟು ದೂರ ಹೋಗಲು ಹೆದರಿ ತಡೆದುಕೊಂಡು ಮಲಗುವ ಹೆಣ್ಣುಮಕ್ಕಳನ್ನು ನೋಡಿದವರು ಈ ಪ್ರಶ್ನೆ ಕೇಳಿದರೆ ನಾನು ತಲೆಬಾಗುತ್ತೇನೆ. ಆದರೆ ತಡೆದುಕೊಳ್ಳುವುದೆಂದರೆ ಏನೆಂದು ಈ ಊರಿನಲ್ಲಿ ಅವರಷ್ಟು ಬಲ್ಲವರು ಇನ್ಯಾರು? ಪಾಲಿಕೆಯ 2006ರ ಸ್ವಚ್ಛತಾ ಉಪನಿಯಮಗಳಲ್ಲಿ ಬಯಲಿನಲ್ಲಿ ಮೂತ್ರ ಮಾಡಿದವರಿಗೆ ದಂಡವಿದೆ, ಸಾಕಿದ ನಾಯಿಯ ಹೊಲಸು ಬಳಿಯದವರಿಗೂ ದಂಡವಿದೆ. ಜಾಗ ಕೊಡದೆ ದಂಡ ಹಾಕಿದ ಪಾಲಿಕೆಯವರನ್ನು ಧಾರಾವಿಯ ಜನ ಏನೆಂದು ಬೈಯುತ್ತಾರೋ ನನಗೆ ಗೊತ್ತು, ಅಚ್ಚು ಮಾಡುವಂಥದ್ದಲ್ಲ. ಜಾಗ ತೋರಿಸದೆ ಚಪ್ಪಲಿ ಎತ್ತಿದವರನ್ನು ಬೈಯಲು ನಾಯಿಗೆ ಬಾಯಿಲ್ಲ.

ದೊಣ್ಣೆಯೇ ಉಪಾಯ ಎಂದು ನಂಬಿದ ಸರ್ಕಾರಗಳನ್ನೂ ಈ ಊರು ನೋಡಿದೆ. ಬೀದಿನಾಯಿ ಕೊಂದವರಿಗೆ ತಲೆಗೆ ಎಂಟಾಣೆ ಎಂದು ಬ್ರಿಟಿಷರು ಸಾರಿದ್ದಕ್ಕೆ 1832ರ ಜೂನ್‌ನಲ್ಲಿ ಪಾರ್ಸಿಗಳು ದಂಗೆಯೆದ್ದರು, ಅಂಗಡಿಗಳು ಮುಚ್ಚಿದವು, ಸೈನ್ಯ ಬರಬೇಕಾಯಿತು. ಆಮೇಲೂ ನೂರೈವತ್ತು ವರ್ಷ ಕೊಲ್ಲುವುದು ನಡೆದೇ ಇತ್ತು. ನಾಯಿಗಳು ಕಡಿಮೆಯಾಗಲಿಲ್ಲ. 1990ರ ದಶಕದಲ್ಲಿ ಕೊಲ್ಲುವುದನ್ನು ಬಿಟ್ಟು ಸಂತಾನಹರಣಕ್ಕೆ ತಿರುಗಿದ್ದು ದಯೆಯಿಂದ ಮಾತ್ರ ಅಲ್ಲ, ದೊಣ್ಣೆಯಿಂದ ಆಗದ ಕೆಲಸವೆಂದು ಕಂಡದ್ದರಿಂದ.

ನಾಳೆಯ ಧಾರಾವಿಯಲ್ಲಿ ಈ ಪ್ರಶ್ನೆ ಹಗುರಾಗುವುದಿಲ್ಲ. ಪುನರಭಿವೃದ್ಧಿಯಲ್ಲಿ ಅರ್ಹರೆನಿಸಿದವರಿಗೆ 350 ಚದರಡಿಯ ಮನೆ, ಎತ್ತರದ ಕಟ್ಟಡ, ಲಿಫ್ಟು. ನಾಯಿ ಸಾಕಬಾರದೆಂದು ಸೊಸೈಟಿಗಳು ನಿಷೇಧ ಹೇರುವಂತಿಲ್ಲ, ಲಿಫ್ಟು ನಿರಾಕರಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಮಾರ್ಗಸೂಚಿ ಓದಿ ಹೇಳಿದ ಮಾತ್ರಕ್ಕೆ ನೆರೆಯವರು ಸಹಿಸುವುದಿಲ್ಲ. ಲಿಫ್ಟಿನೊಳಗೆ ಒಮ್ಮೆ ಹೊಯ್ದ ನಾಯಿಯ ಮನೆಯವರಿಗೆ ಮರುದಿನ ಯಾರೂ ನಮಸ್ಕಾರವನ್ನೂ ಹೇಳುವುದಿಲ್ಲ. ಹನ್ನೆರಡನೆಯ ಮಹಡಿಯಲ್ಲಿ ಲಿಫ್ಟು ಬರುವ ತನಕ ತಡೆಯಲಾರದ ಮರಿಗೆ ಅಲ್ಲಿಯೂ ಬಚ್ಚಲ ಮೂಲೆಯ ಗೋಣಿತಾಟೇ ಗತಿ. ಖೋಲಿಯಲ್ಲಿ ಅದನ್ನು ಕಲಿಸಿದವರು ಅಲ್ಲಿ ಪಾರಾಗುತ್ತಾರೆ. ಹೊಡೆದವರ ನಾಯಿಗಳು ಕಟ್ಟಡದ ಕೆಳಗೆ ಬಿಟ್ಟುಹೋದ ನಾಯಿಗಳಾಗುತ್ತವೆ. ಸಾಯನ್, ವಡಾಲಾ ಕಡೆಯ ಪುನರ್ವಸತಿ ಕಟ್ಟಡಗಳ ಗೇಟಿನಲ್ಲಿ ಕೊರಳಪಟ್ಟಿ ಇದ್ದೂ ಮನೆಯಿಲ್ಲದ ನಾಯಿಗಳನ್ನು ನಾನು ಈಗಾಗಲೇ ನೋಡುತ್ತಿದ್ದೇನೆ.

ಇನ್ನೊಂದು ಮಾತು, ವರ್ಷಗಟ್ಟಲೆ ಅಚ್ಚುಕಟ್ಟಾಗಿದ್ದ ನಾಯಿಯನ್ನು ಸಾಕಿದವರಿಗೆ. ಅದು ಒಂದು ದಿನ ಇದ್ದಕ್ಕಿದ್ದಂತೆ ಒಳಗೆ ಹೊಯ್ಯತೊಡಗಿದರೆ, ಪದೇ ಪದೇ ನಾಲ್ಕು ಹನಿ ಬಿಟ್ಟರೆ, ವಿಪರೀತ ನೀರು ಕುಡಿದರೆ, ಮಲಗಿದಲ್ಲೇ ಒದ್ದೆಯಾದರೆ ‘ಮುದಿಯಾಯ್ತು, ಸೊಕ್ಕು ಬಂತು’ ಎನ್ನಬೇಡಿ. ಮೂತ್ರದ ಸೋಂಕು ಇರಬಹುದು, ಕಲ್ಲು ಇರಬಹುದು, ಸಕ್ಕರೆ ಕಾಯಿಲೆ ಇರಬಹುದು. ಸಂತಾನಹರಣವಾದ ಹೆಣ್ಣುನಾಯಿಗೆ ವಯಸ್ಸಾದ ಮೇಲೆ ತಡೆಯುವ ಶಕ್ತಿ ಕುಂದಿರಬಹುದು. ಬಹಳಷ್ಟಕ್ಕೆ ಔಷಧಿ ಇದೆ. ಧಾರಾವಿಯಿಂದ ಪರೇಲ್ ದೂರವೇನಲ್ಲ. ಬೈಲ್‌ಘೋಡಾ ಹಾಸ್ಪಿಟಲ್ ಎಂದರೆ ಟ್ಯಾಕ್ಸಿಯವರು ಬಾಯಿ ಸಕ್ಕರಬಾಯಿ ಆಸ್ಪತ್ರೆಯ ಗೇಟಿಗೇ ಒಯ್ದು ಬಿಡುತ್ತಾರೆ. ಹೊರಡುವ ಮೊದಲು, ಬೆಳಗಿನ ಮೊದಲ ಮೂತ್ರವನ್ನು ತೊಳೆದು ಒಣಗಿಸಿದ ಡಬ್ಬಿಯಲ್ಲಿ ಹಿಡಿದು ಜೊತೆಗೆ ಒಯ್ಯಿರಿ. ಡಾಕ್ಟರು ಕೇಳುತ್ತಾರೆ.